ಪದಚರ್ಚೆ: ಕಟ್ಟಾಳೂ ಹೌದು, ಮಂತ್ರಗಾರನೂ ಹೌದು, ಇಂಥವರಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರಿಗೆಲ್ಲ ಬಾಗಲಕೋಟೆಯಿಂದ ನಮಸ್ಕಾರ.

ನನಗೊಂದು ಪದ ಬೇಕಾಗಿದೆ. ಒಂದಲ್ಲ, ನಾಲ್ಕೈದು ಬೇಕಾಗುತ್ತವೆ ಅನ್ನೋದು ನನ್ನ ಅನಿಸಿಕೆ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರಾಗನ್ಸ್ ಥರದ ಆಟಗಳಲ್ಲಿ ಪ್ರತಿ ಪಾತ್ರಕ್ಕೂ ಒಂದು ‘ಕ್ಲಾಸ್’ ಇರುತ್ತದೆ. ಒಬ್ಬ ಕತ್ತಿ ಹಿಡಿಯುವವನು, ಒಬ್ಬ ಮಂತ್ರ ಹಾಕುವವನು, ಒಬ್ಬ ದೇವರ ಹೆಸರಲ್ಲಿ ಗಾಯ ವಾಸಿ ಮಾಡುವವನು, ಇನ್ನೊಬ್ಬ ಬೀಗ ತೆಗೆದು ಒಳಗೆ ನುಗ್ಗುವವನು. ಒಂದೇ ಪಾತ್ರ ಇಂಥ ಎರಡನ್ನು ಇಟ್ಟುಕೊಂಡರೆ ಅದಕ್ಕೆ ‘ಮಲ್ಟಿಕ್ಲಾಸ್’ ಅನ್ನುತ್ತಾರೆ. ಇದಕ್ಕೆ ನಮ್ಮ ಮಾತಲ್ಲಿ ಏನನ್ನೋಣ?

ಸುಮ್ನೆ ಕುತೂಹಲಕ್ಕೆ ಕೇಳುತ್ತಿಲ್ಲ. ನವನಗರದ ನಮ್ಮ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಒಂದಿಷ್ಟು ಹುಡುಗ ಹುಡುಗಿಯರು ಸೇರಿ ಈ ಆಟ ಆಡುತ್ತಾರೆ. ಆಟ ನಡೆಸುವವನು ನಾನು. ಡಿಗ್ರಿ ಓದುವವರಿದ್ದಾರೆ, ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವವನಿದ್ದಾನೆ, ಇಳಕಲ್ಲಿನ ನೇಕಾರರ ಮನೆಯಿಂದ ಬಂದು ಇಲ್ಲಿ ಹಾಸ್ಟೆಲ್‌ನಲ್ಲಿರುವ ಹುಡುಗಿ ಇದ್ದಾಳೆ. ಕಥೆಯೆಲ್ಲ ಕನ್ನಡದಲ್ಲೇ ನಡೆಯುತ್ತದೆ. ನಿಯಮದ ಮಾತು ಬಂದ ಕೂಡಲೇ ಇಂಗ್ಲಿಷ್ ಶುರುವಾಗುತ್ತದೆ, ಇಬ್ಬರು ಮೂವರು ಬಾಯಿ ಕಟ್ಟಿ ಕೂರುತ್ತಾರೆ. ಅದಕ್ಕೇ ನಿಯಮಗಳನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದೇನೆ. 2023ರ ಜನವರಿಯಲ್ಲಿ ಈ ಆಟದ ಮೂಲ ನಿಯಮಗಳ ಒಂದು ಭಾಗವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಟ್ಟುಕೊಟ್ಟಿದ್ದಾರೆ. ಮೂಲ ಯಾವುದು ಅಂತ ಹೇಳಿದರೆ ಸಾಕು, ಯಾರು ಬೇಕಾದರೂ ಅನುವಾದ ಮಾಡಿ ಹಂಚಬಹುದು. ಕ್ಲಾಸ್ ಕೂಡಿಸುವ ನಿಯಮವೂ ಅದರಲ್ಲಿದೆ. ಹಾಗಾಗಿ ಇಲ್ಲಿ ಒಪ್ಪಿಗೆಯಾದ ಪದ ನಾಳೆ ಧಾರವಾಡಕ್ಕೋ ಮೈಸೂರಿಗೋ ಹೋಗಬಹುದು. ಪದ ಗಟ್ಟಿಯಾಗಿರಲಿ ಅಂತ ಆಸೆ.

ಮೊದಲು ‘ಕ್ಲಾಸ್’ ಬಗೆಹರಿಯಬೇಕು. ಅದು ನಿಲ್ಲದೆ ‘ಮಲ್ಟಿ’ ನಿಲ್ಲೋದಿಲ್ಲ.

‘ಕ್ಲಾಸ್’ ಅಂತಲೇ ಇಟ್ಟುಕೊಳ್ಳಿ ಅನ್ನುವವರಿದ್ದಾರೆ. ಎರವಲು ಪದಗಳ ಮೇಲೆ ನನಗೇನೂ ಸಿಟ್ಟಿಲ್ಲ. ಬಸ್ಸು, ಟಿಕೀಟು, ಪೆನ್ನು ಎಲ್ಲ ನಮ್ಮವೇ ಆಗಿವೆ. ಆದರೆ ‘ಕ್ಲಾಸು’ ಕನ್ನಡದಲ್ಲಿ ಈಗಾಗಲೇ ಬೇರೆ ಕೆಲಸಕ್ಕೆ ಸೇರಿಕೊಂಡಿದೆ. ‘ನಿಂದು ಯಾವ ಕ್ಲಾಸು?’ ಅಂದರೆ ಎಷ್ಟನೇ ತರಗತಿ ಅಂತ. ‘ಕ್ಲಾಸ್ ತಗೊಂಡ್ರು’ ಅಂದರೆ ಚೆನ್ನಾಗಿ ಬೈದರು ಅಂತ. ‘ಎರಡು ಕ್ಲಾಸ್ ತಗೊಂಡೆ’ ಅಂತ ಹುಡುಗನೊಬ್ಬ ಹೇಳಿದರೆ ಮನೆಯವರಿಗೆ ಟ್ಯೂಶನ್ನೇ ನೆನಪಾಗುತ್ತದೆ.

ಅನುವಾದಕರ ಕೈಗೆ ಮೊದಲು ಸಿಗುವ ಪದ ‘ವರ್ಗ’. ನನಗೆ ಇದು ಒಪ್ಪಿಗೆಯಿಲ್ಲ. ‘ಹಿಂದುಳಿದ ವರ್ಗ’, ‘ಮಧ್ಯಮ ವರ್ಗ’ ಅಂತ ಪೇಪರಿನಲ್ಲಿ ದಿನಾ ಓದುತ್ತೇವೆ. ಲೆಕ್ಕದಲ್ಲಿ ವರ್ಗ ಅಂದರೆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದ್ದು. ಸರ್ಕಾರಿ ನೌಕರರಿರುವ ಮನೆಗಳಲ್ಲಿ ‘ಅವರಿಗೆ ವರ್ಗ ಆಯ್ತು’ ಅಂದರೆ ಬೇರೆ ಊರಿಗೆ ಹಾಕಿದರು ಅಂತ. ‘ಬಹುವರ್ಗ’ ಅಂದರಂತೂ ಚುನಾವಣೆ ಭಾಷಣ ಕೇಳಿದ ಹಾಗಾಗುತ್ತದೆ. ಪದ ತಪ್ಪಲ್ಲ, ಆದರೆ ಕತ್ತಿ ಹಿಡಿದು ಹಾಳುಗುಡಿಯ ಬಾಗಿಲಲ್ಲಿ ನಿಂತವನ ಚಿತ್ರ ಅದರಿಂದ ಕಣ್ಣಿಗೆ ಬರೋದಿಲ್ಲ.

‘ಕಾಯಕ’ ಅನ್ನೋಣ ಅಂತ ನಮ್ಮ ಆಟದ ಒಬ್ಬಳು ಸೂಚಿಸಿದಳು. ಬಸವಣ್ಣನವರ ಬಾಗೇವಾಡಿ, ಕೂಡಲಸಂಗಮ ಎರಡೂ ನಮ್ಮ ಸುತ್ತಲಿನವೇ. ಮಡಿವಾಳ ಮಾಚಯ್ಯನವರ ದೇವರ ಹಿಪ್ಪರಗಿಯೂ ವಿಜಯಪುರ ಜಿಲ್ಲೆಯಲ್ಲಿದೆ. ಬಟ್ಟೆ ಮಡಿ ಮಾಡುವ ಕಾಯಕದ ಮಾಚಯ್ಯನವರು ಕಲ್ಯಾಣದ ಗಲಭೆಯಲ್ಲಿ ಕತ್ತಿ ಹಿಡಿದು ಶರಣರನ್ನೂ ವಚನಗಳನ್ನೂ ಕಾಪಾಡಿದರು ಅನ್ನುವ ಕಥೆಯನ್ನು ಈ ಭಾಗದಲ್ಲಿ ಎಲ್ಲರೂ ಕೇಳಿ ಬೆಳೆದಿದ್ದೇವೆ. ‘ಕಾಕಾ, ಅವರದು ಎರಡು ಕ್ಲಾಸ್ ಆತಲ್ಲ?’ ಅಂತ ಅವಳು ಕೇಳಿದಾಗ ನನಗೂ ಖುಷಿಯಾಯಿತು. ಆದರೂ ಬೇಡ ಅಂದೆ. ಕಾಯಕ ಅನ್ನೋದು ಬರೀ ದುಡಿಮೆ ಅಲ್ಲ. ಅದು ಸತ್ಯಶುದ್ಧವಾಗಿರಬೇಕು ಅನ್ನೋದು ಆ ಪದದೊಳಗೇ ಇದೆ. ಈ ಆಟದಲ್ಲಿ ಕಳ್ಳನೂ ಒಂದು ಕ್ಲಾಸ್. ‘ಕಳ್ಳನ ಕಾಯಕ’ ಅಂತ ನನ್ನ ಕೈಯಿಂದ ಬರೆಯಲಾಗೋದಿಲ್ಲ.

ಕೊನೆಗೆ ನನ್ನ ಮನಸ್ಸು ನಿಂತದ್ದು ‘ಕಸುಬು’ ಪದದ ಮೇಲೆ. ಅರಬ್ಬಿಯಲ್ಲಿ ಕಸ್ಬ್ ಅಂದರೆ ಗಳಿಕೆ. ಅದು ನಮ್ಮಲ್ಲಿಗೆ ಬಂದು ಕೈಕೆಲಸ, ಉದ್ಯೋಗ ಆಯಿತು. ಬಡಿಗತನ ಕಸುಬು, ಕಮ್ಮಾರಿಕೆ ಕಸುಬು, ಮಾತಾಡೋದೂ ಕೆಲವರಿಗೆ ಕಸುಬು. ಕಲಿತು ಪಳಗಿದ್ದು ಅನ್ನುವ ಅರ್ಥ ಅದರಲ್ಲಿ ತಾನಾಗೇ ಬರುತ್ತದೆ. ಕಳ್ಳನಿಗೂ ಕಸುಬು ಇರಬಹುದು. ‘ನಿನ್ನ ಪಾತ್ರದ ಕಸುಬು ಏನ?’ ಅಂತ ಕೇಳಿದರೆ ಹೊಸದಾಗಿ ಬಂದವರಿಗೂ ತಕ್ಷಣ ತಿಳಿಯುತ್ತದೆ. ಬೇರೆ ವಿವರಣೆ ಬೇಕಾಗಿಲ್ಲ.

ಎರಡು ಎಚ್ಚರಿಕೆ ಮಾತು ಇಲ್ಲಿ ಬೇಕು. ಒಂದು, ‘ಕಸುಬಿನವನು’, ‘ಕಸುಬುದಾರ’ ಸರಿ. ‘ಕಸಬಿ’ ಮಾತ್ರ ಬೇಡವೇ ಬೇಡ. ನಮ್ಮ ಕಡೆ ಅದು ಹೆಣ್ಣುಮಕ್ಕಳನ್ನು ಬೈಯುವ ಮಾತು. ಪದ ಕಟ್ಟುವ ಉತ್ಸಾಹದಲ್ಲಿ ಯಾರಾದರೂ ಅಂಥ ರೂಪ ಮಾಡಿಬಿಟ್ಟಾರು ಅಂತ ಮೊದಲೇ ಹೇಳುತ್ತಿದ್ದೇನೆ. ಇನ್ನೊಂದು ಬೆಳಗಾವಿಯವರಿಗೆ. ಮರಾಠಿಯಲ್ಲಿ ‘ಕಸಬ’ ಅಂದರೆ ಕೌಶಲ, ಕೈಚಳಕ. ಈ ಆಟದಲ್ಲಿ ಕೌಶಲ ಅನ್ನೋದು ಬೇರೆಯೇ ಲೆಕ್ಕ: ಹತ್ತೋದು, ಅಡಗೋದು, ಮನವೊಲಿಸೋದು ಇಂಥವು. ಎರಡೂ ಭಾಷೆ ಆಡುವ ಮನೆಯ ಮಕ್ಕಳಿಗೆ ‘ಕಸುಬು’ ಕೇಳಿದರೆ ಗೊಂದಲ ಆಗುತ್ತದಾ? ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯವರು ದಯವಿಟ್ಟು ಹೇಳಬೇಕು.

‘ಕಸುಬು’ ಅಂದ ಕೂಡಲೇ ‘ಕುಲಕಸುಬು’ ನೆನಪಾಗುತ್ತದಲ್ಲ, ಅದು ದೋಷ ಅಂತ ಕೆಲವರಿಗೆ ಅನಿಸಬಹುದು. ನನಗೆ ಅದೇ ಈ ಪದದ ದೊಡ್ಡ ಗುಣ. ಆಟದ ಚರಿತ್ರೆ ನೋಡಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದಾಗ ಇದ್ದದ್ದು ಮೂರೇ ಕಸುಬು: ಕಾದಾಡುವವನು, ಮಂತ್ರ ಬಳಸುವವನು, ಧರ್ಮದ ಕಡೆಯವನು. ಕಳ್ಳ ಮರುವರ್ಷ ಬಂದ. ಮನುಷ್ಯರ ಜೊತೆಗೆ ಎಲ್ಫ್, ಕುಳ್ಳ ಡ್ವಾರ್ಫ್, ಹಾಬಿಟ್ ಅನ್ನುವ ಕಲ್ಪನೆಯ ಕುಲಗಳೂ ಇದ್ದವು. ಎಲ್ಫ್‌ಗೆ ಮಾತ್ರ ಒಂದು ಸವಲತ್ತು ಇತ್ತು. ಒಂದು ಸಾಹಸಕ್ಕೆ ಕತ್ತಿ ಹಿಡಿದು ಹೋಗಬಹುದು, ಮುಂದಿನದಕ್ಕೆ ಮಂತ್ರಗಾರನಾಗಿ ಹೋಗಬಹುದು. ನಡುವೆ ಬದಲಿಸುವ ಹಾಗಿಲ್ಲ. ಡ್ವಾರ್ಫ್‌ಗೆ ಕತ್ತಿ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ. ಯಾರು ಏನನ್ನು ಕೂಡಿಸಬಹುದು ಅನ್ನೋದನ್ನು ಹುಟ್ಟೇ ನಿರ್ಧರಿಸುತ್ತಿತ್ತು.

1981ರ ಬೇಸಿಕ್ ನಿಯಮಗಳಲ್ಲಿ ಇದು ಇನ್ನೂ ಗಟ್ಟಿಯಾಯಿತು. ಅಲ್ಲಿ ‘ಎಲ್ಫ್’ ಅನ್ನೋದೇ ಒಂದು ಕ್ಲಾಸ್. ನೀನು ಎಲ್ಫ್ ಆಗಿ ಹುಟ್ಟಿದೆಯಾ, ನಿನ್ನ ಕಸುಬೂ ಎಲ್ಫ್. ಕತ್ತಿಯೂ ಬರುತ್ತದೆ, ಮಂತ್ರವೂ ಬರುತ್ತದೆ, ಬೇರೆ ಆಯ್ಕೆ ಇಲ್ಲ. ಇದಕ್ಕೆ ಬೆಲೆಯೂ ಇತ್ತು. ಸಾಹಸ ಮಾಡಿದ ಹಾಗೆ ಅನುಭವದ ಅಂಕ ಸೇರುತ್ತವೆ, ಅವು ಸಾಕಷ್ಟಾದಾಗ ಪಾತ್ರ ಒಂದು ಹಂತ (ಲೆವೆಲ್) ಮೇಲೇರುತ್ತದೆ. ಎರಡನೇ ಹಂತಕ್ಕೆ ಏರಲು ಕಾಳಗದವನಿಗೆ 2000 ಅನುಭವದ ಅಂಕ ಸಾಕು, ಮಂತ್ರಗಾರನಿಗೆ 2500 ಬೇಕು, ಎಲ್ಫ್‌ಗೆ 4000. ಈಗ ಹೇಳಿ, ಇದಕ್ಕೆ ‘ಕುಲಕಸುಬು’ ಅನ್ನುವುದಕ್ಕಿಂತ ಸರಿಯಾದ ಪದ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ ಇದನ್ನು ವಿವರಿಸಲು ಒಂದು ಸಾಲು ಬೇಕು. ನಮ್ಮಲ್ಲಿ ಒಂದೇ ಪದ, ಅದೂ ಅಜ್ಜ ಅಜ್ಜಿಯರ ಬಾಯಲ್ಲಿ ಇದ್ದದ್ದು. 2000ನೇ ಇಸವಿಯ ಮೂರನೇ ಆವೃತ್ತಿಯಲ್ಲಿ ಯಾವ ಕುಲದವರು ಯಾವ ಕಸುಬನ್ನಾದರೂ ಕೂಡಿಸಬಹುದು ಅಂತ ಆಯಿತು. ಅದು ಎಷ್ಟು ದೊಡ್ಡ ಬದಲಾವಣೆ ಅಂತ ‘ಕುಲಕಸುಬು’ ಗೊತ್ತಿದ್ದವರಿಗೆ ಬೇಗ ತಿಳಿಯುತ್ತದೆ.

ಇನ್ನು ಮುಖ್ಯ ವಿಷಯ. ‘ಮಲ್ಟಿಕ್ಲಾಸ್’ ಅಂತ ಒಂದೇ ಹೆಸರಿನಡಿ ಬೇರೆ ಬೇರೆ ಥರದ ಕೂಡಿಕೆಗಳಿವೆ. ಎಲ್ಲಕ್ಕೂ ಒಂದೇ ಪದ ಹಾಕಿದರೆ ಆಟದಲ್ಲಿ ಜಗಳ ಗ್ಯಾರಂಟಿ.

1978ರ ಆಟಗಾರರ ಕೈಪಿಡಿಯಲ್ಲೇ ಎರಡು ದಾರಿ ಇದ್ದವು. ಮೊದಲನೆಯದು ಎಲ್ಫ್, ಡ್ವಾರ್ಫ್ ಮೊದಲಾದವರಿಗೆ. ಆಟದ ಶುರುವಿನಿಂದಲೇ ಎರಡು ಕಸುಬು, ಕೆಲವರಿಗೆ ಮೂರೂ. ಗಳಿಸಿದ ಅನುಭವದ ಅಂಕ ಎಲ್ಲದಕ್ಕೂ ಸಮ ಪಾಲು. ಒಂದರಲ್ಲಿ ಇನ್ನು ಮೇಲೇರಲು ಆಗದಿದ್ದರೂ ಅದರ ಪಾಲು ಅದಕ್ಕೇ. ಇದಕ್ಕೆ ‘ಜೋಡುಕಸುಬು’ ಅನ್ನೋಣ ಅಂತ ನನ್ನ ಸಲಹೆ. ಜೋಡೆತ್ತು, ಜೋಡುನುಡಿ ಅಂತೀವಲ್ಲ, ಎರಡೂ ಒಟ್ಟಿಗೆ ಹೆಜ್ಜೆ ಹಾಕಬೇಕು. ತೊಂದರೆ ಏನು ಅಂದರೆ, ಕಾದಾಟ, ಮಂತ್ರ, ಕಳ್ಳತನ ಮೂರನ್ನೂ ಇಟ್ಟುಕೊಂಡ ಎಲ್ಫ್‌ಗೆ ‘ಜೋಡು’ ಹೊಂದುವುದಿಲ್ಲ. ‘ಮುಕ್ಕಸುಬು’ ಅಂತ ಒಬ್ಬ ಕಟ್ಟಿದ. ಮುಮ್ಮಡಿ, ಮುಕ್ಕಣ್ಣ ಇದ್ದ ಹಾಗೆ. ವ್ಯಾಕರಣ ಒಪ್ಪುತ್ತದೆ, ಕಿವಿ ಒಪ್ಪುತ್ತದಾ ನೋಡಿ.

ಎರಡನೆಯ ದಾರಿ ಮನುಷ್ಯರದು, ಅದು ಪೂರ್ತಿ ಬೇರೆ. ಮನುಷ್ಯ ಎರಡನ್ನು ಒಟ್ಟಿಗೆ ಹಿಡಿಯುವ ಹಾಗಿಲ್ಲ. ಒಂದನ್ನು ನಿಲ್ಲಿಸಿ ಇನ್ನೊಂದನ್ನು ಮೊದಲ ಹಂತದಿಂದ ಶುರು ಮಾಡಬೇಕು. ಪಾತ್ರದ ಬಲ, ಬುದ್ಧಿ ಇಂಥ ಗುಣಗಳಿಗೆ ಅಂಕ ಇರುತ್ತದೆ. ಹಳೆಯ ಕಸುಬಿಗೆ ಬೇಕಾದ ಮುಖ್ಯ ಗುಣದಲ್ಲಿ 15, ಹೊಸದರಲ್ಲಿ 17 ಇರಲೇಬೇಕು. ಅಂಥ ಪಾತ್ರ ಹುಟ್ಟೋದೇ ಅಪರೂಪ. ಹೊಸ ಕಸುಬಿನ ಹಂತ ಹಳೆಯದನ್ನು ದಾಟುವವರೆಗೂ ಹಳೆಯ ವಿದ್ಯೆಯನ್ನು ಬಳಸಿದರೆ ಅನುಭವದ ಅಂಕಕ್ಕೆ ಕತ್ತರಿ. ದಾಟಿದ ಮೇಲೆ ಎರಡೂ ನಿನ್ನವೇ. 1998 ಮತ್ತು 2000ದಲ್ಲಿ ಬಂದ ಬಾಲ್ಡರ್ಸ್ ಗೇಟ್ ಕಂಪ್ಯೂಟರ್ ಆಟಗಳಲ್ಲಿ ಇದನ್ನು ಆಡಿದವರು ನಮ್ಮಲ್ಲೂ ಇದ್ದಾರೆ. ಇಂಗ್ಲಿಷಿನಲ್ಲಿ ಇದು ‘ಡ್ಯುಯಲ್ ಕ್ಲಾಸ್’.

ಇದಕ್ಕೆ ಪದ ಹುಡುಕುವಾಗ ಇಳಕಲ್ಲಿನ ಹುಡುಗಿ ಹೇಳಿದ್ದು ನನಗೆ ಬಹಳ ಹಿಡಿಸಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಬರುವ ಎಳೆ) ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಇರಬಹುದು, ಸೆರಗಿಗೆ ಕೆಂಪು ರೇಷ್ಮೆ. ಒಡಲಿನ ಎಳೆ ಮುಗಿಯುವ ಕಡೆ ಒಂದೊಂದು ಎಳೆಯನ್ನೂ ಕುಣಿಕೆ ಮಾಡಿ, ಅದರೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಅವರ ಮನೆಯಲ್ಲಿ ಅವ್ವ ಮತ್ತು ಚಿಗವ್ವ ಮಗ್ಗದ ಪಕ್ಕ ಕೂತು ಸಾವಿರಾರು ಎಳೆಗಳನ್ನು ಹೀಗೆ ಕೂಡಿಸುತ್ತಾರಂತೆ. ಇದೇ ಕಾರಣಕ್ಕೆ ಸೀರೆ ಸೀರೆಗೂ ಹಾಸು ಬೇರೆಯಾಗಿ ತಯಾರಾಗಬೇಕು. ‘ಕಾಕಾ, ಒಡಲು ಮುಗೀತು, ಸೆರಗು ಚಾಲೂ ಆತು. ಎರಡೂ ನೂಲು ಒಂದರಾಗ ಒಂದು ಕರಗಂಗಿಲ್ಲ. ಸೀರಿ ಮಾತ್ರ ಒಂದ. ಇವನೂ ಹಂಗ ಅಲ್ಲೇನು?’ ಅಂದಳು. ಆವತ್ತಿನಿಂದ ನಮ್ಮಲ್ಲಿ ಡ್ಯುಯಲ್ ಕ್ಲಾಸ್‌ಗೆ ‘ಕೊಂಡಿಕಸುಬು’. ಕ್ರಿಯಾಪದವೂ ಸುಲಭ: ‘ಅಂವ ಏಳನೇ ಹಂತದಾಗ ಕೊಂಡಿ ಹಾಕಿದ.’

ಈ ಪದಕ್ಕೆ ಅಡ್ಡಿಗಳೂ ಇವೆ. ಚೇಳಿನ ಬಾಲದ ತುದಿಗೂ ಕೊಂಡಿ ಅನ್ನುತ್ತೇವೆ. ಅಂತರ್ಜಾಲದಲ್ಲಿ ಲಿಂಕಿಗೂ ಕೊಂಡಿ ಅನ್ನೋದು ರೂಢಿಯಾಗಿದೆ. ನಮ್ಮ ಮೇಜಿನಲ್ಲಿ ಯಾರಿಗೂ ಗೊಂದಲ ಆಗಿಲ್ಲ. ಆದರೆ ಅವರೆಲ್ಲ ಸೀರೆ ನೋಡಿ ಬಲ್ಲವರು. ಮಲೆನಾಡಿನ, ಕರಾವಳಿಯ ಗೆಳೆಯರಿಗೆ ‘ಕೊಂಡಿಕಸುಬು’ ಅಂದರೆ ಏನು ಹೊಳೆಯುತ್ತದೆ? ಇದು ನನಗೆ ಗೊತ್ತಾಗಲೇಬೇಕು.

ಮೂರನೆಯ ಥರದ್ದು ಈಗ ಎಲ್ಲರೂ ಆಡೋದು. 2000ದಲ್ಲಿ ಬಂದು, 2014ರ ಐದನೇ ಆವೃತ್ತಿಯಲ್ಲಿ ಸ್ವಲ್ಪ ಬದಲಾದದ್ದು. ಪ್ರತಿ ಸಲ ಹಂತ ಏರುವಾಗಲೂ ಈ ಹಂತ ಯಾವ ಕಸುಬಿಗೆ ಅಂತ ನೀನೇ ಆರಿಸಬಹುದು. ಐದನೇ ಆವೃತ್ತಿಯಲ್ಲಿ ಹಳೆಯ ಕಸುಬಿಗೂ ಹೊಸದಕ್ಕೂ ಬೇಕಾದ ಗುಣಗಳಲ್ಲಿ ಕನಿಷ್ಠ 13 ಇರಬೇಕು, ಆಟ ನಡೆಸುವವರ ಒಪ್ಪಿಗೆಯೂ ಬೇಕು. 2023ರ ಬಾಲ್ಡರ್ಸ್ ಗೇಟ್ 3 ಆಡಿ ಬಂದ ಹುಡುಗರು ಈ 13ರ ಷರತ್ತು ಕೇಳಿ ಮುಖ ಸಪ್ಪಗೆ ಮಾಡುತ್ತಾರೆ. ಆ ಆಟದಲ್ಲಿ ಅದನ್ನು ತೆಗೆದುಹಾಕಿದ್ದಾರೆ.

ಇದಕ್ಕೆ ‘ಕೂಡುಕಸುಬು’ ಅನ್ನೋದು ನನ್ನ ಆಯ್ಕೆ. ಕೂಡು ಅಂದರೆ ಸೇರು. ಕೂಡು ಅಂದರೆ ಲೆಕ್ಕದಲ್ಲಿ ಕೂಡಿಸು ಅಂತಲೂ ಹೌದು. ಇಲ್ಲಿ ಎರಡೂ ಅರ್ಥ ನಿಜವಾಗಿ ಬೇಕು. ಮೊಬೈಲ್ ಅಂಗಡಿಯ ಹುಡುಗನ ಪಾತ್ರವನ್ನೇ ತೆಗೆದುಕೊಳ್ಳಿ. ಕಟ್ಟಾಳು 5, ಮಂತ್ರಗಾರ 3, ಕೂಡಿದರೆ 8. ಮುಂದಿನ ಹಂತಕ್ಕೆ ಎಷ್ಟು ಅನುಭವ ಬೇಕು ಅನ್ನೋದು ಈ 8ರ ಮೇಲೆ ನಿಂತಿದೆ. ಒಂಬತ್ತಕ್ಕೆ ಹೋಗಲು 48,000. ಪಳಗಿದ ಕೆಲಸ ಮಾಡುವಾಗ ದಾಳದ ಅಂಕಕ್ಕೆ ಸೇರುವ +3 ಕೂಡ ಒಟ್ಟು 8ರಿಂದಲೇ. ಆದರೆ ಮಂತ್ರ ಕಲಿಯುವಾಗ ಆ 8 ಕೆಲಸಕ್ಕೆ ಬರೋದಿಲ್ಲ. ಅಲ್ಲಿ ಅವನು ಬರೀ 3. ಬೆಂಕಿ ಉಂಡೆ ಎಸೆಯುವ ಮಂತ್ರ ಮಂತ್ರಗಾರ 5ಕ್ಕೆ ಸಿಗುವಂಥದ್ದು. ಹಾಗಾಗಿ ಇವನಿಗೆ ಇನ್ನೂ ಬಂದಿಲ್ಲ. ಬರೀ ಮಂತ್ರಗಾರನಾಗಿ 8 ಮುಟ್ಟಿದ ಗೆಳತಿಯ ಬಳಿ ಅದಕ್ಕಿಂತ ಮೇಲಿನವೂ ಇವೆ. ಬದಲಿಗೆ ಇವನು ಒಂದು ಸರದಿಯಲ್ಲಿ ಎರಡು ಏಟು ಹಾಕುತ್ತಾನೆ, ಅದು ಕಟ್ಟಾಳು 5ರ ಫಲ. ಎರಡೇಟು ಕೊಡುವ ಇನ್ನೊಂದು ಕಸುಬನ್ನು ಕೂಡಿಸಿಕೊಂಡರೂ ಏಟು ಮೂರಾಗೋದಿಲ್ಲ. ಎಲ್ಲವೂ ಕೂಡುವುದಿಲ್ಲ, ಕೆಲವು ಮಾತ್ರ ಕೂಡುತ್ತವೆ. ಈ ವಾಕ್ಯ ಕನ್ನಡದಲ್ಲಿ ಎಷ್ಟು ಸಲೀಸಾಗಿ ಬಂತು ನೋಡಿ! ‘ಬಹು’ ಹಾಕಿದ್ದರೆ ಬರುತ್ತಿರಲಿಲ್ಲ.

ಅವನ ಪಕ್ಕದವನು ‘ಹತ್ತು ಕಟ್ಟೋದ್ರಾಗ ಒಂದು ಮುತ್ತು ಕಟ್ಟಲೇ’ ಅಂತ ಯಾವಾಗಲೂ ಕಾಡುತ್ತಾನೆ. ಒಂದೇ ಕಸುಬು ಹಿಡಿದು ಕೊನೆತನಕ ಹೋಗಬೇಕು ಅನ್ನೋದು ಅವನ ವಾದ. ಇಂಗ್ಲಿಷ್ ಆಟಗಾರರಲ್ಲೂ ಈ ವಾದ ಹಳೆಯದು.

ಇನ್ನೊಂದು ಸಣ್ಣ ಪದವನ್ನು ಇಲ್ಲೇ ಸೇರಿಸುತ್ತೇನೆ. ಎರಡನೇ ಕಸುಬಿನಲ್ಲಿ ಒಂದೇ ಹಂತ ತೆಗೆದುಕೊಂಡು, ಅದರ ಮೊದಲ ಲಾಭ ಪಡೆದು, ಮತ್ತೆ ಹಳೆಯದಕ್ಕೆ ಮರಳೋದುಂಟು. ಇಂಗ್ಲಿಷಿನಲ್ಲಿ ‘ಡಿಪ್’. ನಮ್ಮವರು ಯಾರೂ ಕೇಳದೆ ತಾವಾಗೇ ‘ನಂಜಿಕೊಳ್ಳೋದು’ ಅನ್ನಲು ಶುರು ಮಾಡಿದರು. ‘ಒಂದು ಹಂತ ಕಳ್ಳನ್ನ ನಂಜಿಕೊಂಡೀನಿ.’ ರೊಟ್ಟಿ ತಿನ್ನುವ ಊರಿನಲ್ಲಿ ಇದಕ್ಕೆ ಅರ್ಥ ಹೇಳಬೇಕಾಗಿಲ್ಲ. ಇದನ್ನು ನಾನು ಬದಲಿಸೋದಿಲ್ಲ.

ಉಳಿದ ಥರಗಳನ್ನು ಬೇಗ ಹೇಳುತ್ತೇನೆ. 2004ರ ಒಂದು ಐಚ್ಛಿಕ ನಿಯಮದಲ್ಲಿ ‘ಗೆಸ್ಟಾಲ್ಟ್’ ಅಂತಿದೆ. ಪ್ರತಿ ಹಂತದಲ್ಲೂ ಎರಡು ಕಸುಬಿನ ಹಂತ ಒಟ್ಟಿಗೆ ಸಿಗುತ್ತದೆ, ಎರಡರಲ್ಲಿ ಯಾವುದು ಮೇಲೋ ಅದನ್ನು ಇಟ್ಟುಕೊಳ್ಳಬಹುದು. ಅಂಕ ಹಂಚಿಕೆ ಇಲ್ಲ, ನಷ್ಟ ಇಲ್ಲ. ಇದಕ್ಕೆ ‘ಇಮ್ಮಡಿ ಕಸುಬು’ ಸರಿಹೋಗುತ್ತದೆ. ಬಾದಾಮಿಯವರಿಗೆ ಇಮ್ಮಡಿ ಅಂದರೆ ಪುಲಿಕೇಶಿ ನೆನಪಾಗುತ್ತಾನೆ, ಅಲ್ಲಿ ಅದು ಎರಡನೆಯವನು ಅನ್ನುವ ಅರ್ಥ. ಇಲ್ಲಿ ಎರಡರಷ್ಟು. ತೊಂದರೆ ಇಲ್ಲ ಅನಿಸುತ್ತದೆ. 2008ರ ನಾಲ್ಕನೇ ಆವೃತ್ತಿಯಲ್ಲಿ ತನ್ನ ಕಸುಬಿನಲ್ಲೇ ಇದ್ದು ಬೇರೆಯದರ ಒಂದೆರಡು ವಿದ್ಯೆ ಮಾತ್ರ ಪಡೆಯುವ ದಾರಿ ಇತ್ತು. ಅದಕ್ಕೆ ‘ಎರವಲು ವಿದ್ಯೆ’ ಸಾಕು. ಇದೇ ಥರದ ಇನ್ನೊಂದು ಆಟವಾದ ಪಾತ್‌ಫೈಂಡರ್‌ನವರು 2014ರಲ್ಲಿ ಎರಡು ಹಳೆಯ ಕಸುಬುಗಳ ಗುಣ ತೆಗೆದುಕೊಂಡು ಹೊಸ ಕಸುಬುಗಳನ್ನೇ ಮಾಡಿದರು. ಅದಕ್ಕೆ ‘ಬೆಸುಗೆ ಕಸುಬು’ ಅಂತ ಬರೆದಿದ್ದೇನೆ. ಇನ್ನೂ ಚೆನ್ನಾಗಿರುವುದು ಸಿಕ್ಕರೆ ಬದಲಿಸುತ್ತೇನೆ.

ಬಿಟ್ಟ ಪದಗಳಲ್ಲಿ ಎರಡರ ಬಗ್ಗೆ ಹೇಳಬೇಕು. ‘ದ್ವಿಪಾತ್ರ’ ಅಂತ ಸೂಚನೆ ಬಂದಿತ್ತು. ಸಿನಿಮಾದಲ್ಲಿ ಅದಕ್ಕೆ ಗಟ್ಟಿ ಅರ್ಥ ಇದೆ: ಒಬ್ಬ ನಟ, ಎರಡು ಪಾತ್ರ. ನಮ್ಮ ಬಯಲಾಟದಲ್ಲೂ ಒಬ್ಬನೇ ಎರಡು ಸೋಗು ಹಾಕೋದುಂಟು. ನಮಗೆ ಬೇಕಾದದ್ದು ಅದರ ತಿರುಗುಮುರುಗು. ಪಾತ್ರ ಒಂದೇ, ಕಸುಬು ಎರಡು. ಇನ್ನೊಂದು ‘ಬೆರಕೆ ಕಸುಬು’. ಬೆರಕೆ ಅಂದರೆ ಕಲಬೆರಕೆ ನೆನಪಾಗುತ್ತದೆ, ಹಾಲಿಗೆ ನೀರು ಹಾಕಿದ ಹಾಗೆ. ಆದರೆ ಆ ಮಾತಿನ ನಡುವೆ ನಮಗೆ ಬೇರೊಂದು ಲಾಭ ಆಯಿತು. ನಮ್ಮ ಕಡೆ ‘ಬೆರಕಿ’ ಅಂದರೆ ಭಾರಿ ಚಾಲಾಕು, ಯಾರ ಕೈಗೂ ಸಿಗದವನು. ‘ಭಾಳ ಬೆರಕಿ ಅದಾನ’ ಅಂತೀವಿ. ಆಟದಲ್ಲಿ ‘ಥೀಫ್’ ಹೋಗಿ ‘ರೋಗ್’ ಬಂದ ಮೇಲೆ ಅವನು ಬರೀ ಕಳ್ಳನಲ್ಲ. ಬೇಹುಗಾರ, ಮಾತಿನ ಮಲ್ಲ, ಬೆನ್ನ ಹಿಂದಿನಿಂದ ಇರಿಯುವವನು ಎಲ್ಲ ಆಗಬಹುದು. ಅವನಿಗೆ ‘ಬೆರಕಿ’ ಅಂತ ಹೆಸರಿಟ್ಟೆವು. ಇದಕ್ಕಿಂತ ಒಳ್ಳೆಯ ಪದ ನನಗೆ ಬೇಡ.

ಕೊನೆಯದಾಗಿ ‘ಲೆವೆಲ್’. ಕಸುಬು ಕೂಡಿಸುವಾಗ ಜಾಸ್ತಿ ತಕರಾರು ಬರೋದು ಇದರಿಂದಲೇ. ಮೇಲಿನ ಹುಡುಗನ ಲೆವೆಲ್ 8. ಅವನ ಮಂತ್ರಗಾರಿಕೆಯ ಲೆವೆಲ್ 3. ಅವನ ಮಂತ್ರದ ಲೆವೆಲ್ 2. ಅವನು ಇಳಿದಿರುವ ನೆಲಮಾಳಿಗೆಯೂ ಲೆವೆಲ್ ಲೆಕ್ಕದಲ್ಲೇ. 1978ರ ಕೈಪಿಡಿಯಲ್ಲಿ ಗೈಗ್ಯಾಕ್ಸ್ ಅವರೇ ಈ ಮಾತು ಎತ್ತಿದ್ದಾರೆ. ಪಾತ್ರಕ್ಕೊಂದು, ಮಂತ್ರಕ್ಕೊಂದು, ರಾಕ್ಷಸರಿಗೊಂದು ಬೇರೆ ಬೇರೆ ಪದ ಇಡುವ ಯೋಚನೆ ಮೊದಲು ಇತ್ತಂತೆ, ಆಮೇಲೆ ‘ಲೆವೆಲ್’ ಎಲ್ಲರ ಬಾಯಲ್ಲಿ ನಿಂತುಬಿಟ್ಟಿದ್ದರಿಂದ ಬಿಟ್ಟರಂತೆ. ಅವರಿಗೆ ತಪ್ಪಿಹೋದ ಅವಕಾಶ ನಮಗೆ ಇನ್ನೂ ಇದೆ, ಅಲ್ವಾ? ಕನ್ನಡದಲ್ಲಿ ಇನ್ನೂ ಯಾವುದೂ ಬಾಯಿಗೆ ಕೂತಿಲ್ಲ. ಪಾತ್ರದ ಒಟ್ಟು ಲೆಕ್ಕಕ್ಕೆ ‘ಹಂತ’, ಒಂದೊಂದು ಕಸುಬಿನೊಳಗೆ ‘ಮೆಟ್ಟಿಲು’ ಅಂತ ಇಟ್ಟರೆ ‘ಎಂಟನೇ ಹಂತ, ಮಂತ್ರಗಾರಿಕೆಯಲ್ಲಿ ಮೂರನೇ ಮೆಟ್ಟಿಲು’ ಅಂತ ಜಗಳವಿಲ್ಲದೆ ಹೇಳಬಹುದು. ಮಂತ್ರಕ್ಕೆ ‘ದರ್ಜೆ’ ಹಾಕೋಣ ಅಂದರೆ ‘ಎರಡನೇ ದರ್ಜೆಯ ಮಂತ್ರ’ ಕಳಪೆ ಅಂತ ಕೇಳಿಸುತ್ತದೆ. ಅದಕ್ಕೆ ‘ತೂಕ’ ಅಂದಿದ್ದೇನೆ: ಎರಡು ತೂಕದ ಮಂತ್ರ, ಮೂರು ತೂಕದ ಮಂತ್ರ. ನೆಲಮಾಳಿಗೆಗೆ ‘ಅಂತಸ್ತು’. ನೆಲದೊಳಗಿನ ಆ ಜಾಗಕ್ಕೇ ಹುಡುಗರು ‘ಹಗೇವು’ ಅನ್ನುತ್ತಾರೆ. ಕಾಳು ತುಂಬಿಡುತ್ತಿದ್ದ ನೆಲದೊಳಗಿನ ಹಗೇವನ್ನು ಅವರಲ್ಲಿ ಹೆಚ್ಚಿನವರು ಕಣ್ಣಾರೆ ನೋಡಿಲ್ಲ. ಆದರೂ ಪದ ಉಳಿದಿದೆಯಲ್ಲ ಅಂತ ನನಗೆ ಸಮಾಧಾನ.

ಈಗ ನಿಮ್ಮಿಂದ ಬೇಕಾದದ್ದು. ನಿಮ್ಮ ಊರಿನಲ್ಲಿ ಒಬ್ಬನೇ ಎರಡು ಕಸುಬು ಮಾಡುವವನಿಗೆ, ಉದಾಹರಣೆಗೆ ಬಡಿಗತನವೂ ಬಲ್ಲ ಕಮ್ಮಾರನಿಗೆ, ಏನಾದರೂ ಹೆಸರಿದೆಯಾ? ಹೊಗಳುವ ಮಾತೋ ಹಂಗಿಸುವ ಮಾತೋ, ಎರಡೂ ಬೇಕು. ‘ಜೋಡುಕಸುಬು’ ಅಂದರೆ ನೌಕರಿ ಜೊತೆಗಿನ ಸಣ್ಣ ಧಂದೆ ಅಂತ ಕೇಳಿಸುತ್ತದಾ? ವಿಜಯಪುರ, ಸಿಂದಗಿ, ಇಂಡಿ ಕಡೆಯವರು ‘ಕೂಡುಕಸುಬು’ ಹೇಳಿ ನೋಡಿ, ಎರಡು ‘ಕ’ ಒಟ್ಟಿಗೆ ಬಂದು ನಾಲಿಗೆಗೆ ತೊಡರುತ್ತದಾ ತಿಳಿಸಿ. ಗುಳೇದಗುಡ್ಡ, ರಬಕವಿ, ಬನಹಟ್ಟಿಯ ನೇಕಾರ ಮನೆಯವರು ಯಾರಾದರೂ ಇದ್ದರೆ, ನಿಮ್ಮ ಮಗ್ಗದ ಮೇಲೆ ಎರಡು ಹಾಸು ಕೂಡಿಸುವುದಕ್ಕೆ ಕೊಂಡಿ ಬಿಟ್ಟು ಬೇರೆ ಮಾತಿದೆಯಾ ಹೇಳಿ.

ಒಂದು ಗಂಟು ಮಾತ್ರ ನನ್ನ ಕೈಲಿ ಬಿಚ್ಚುತ್ತಿಲ್ಲ. 1978ರ ಕೈಪಿಡಿಯ ಕೊನೆಯಲ್ಲಿ ಹಾಡುಗಾರನ ಕಸುಬು ಒಂದಿದೆ. ನಾವು ಅವನಿಗೆ ಲಾವಣಿಕಾರ ಅಂತೀವಿ. ಅವನು ಮೊದಲು ಕಟ್ಟಾಳಾಗಿ ಕೆಲವು ಹಂತ ಏರಬೇಕು, ಅದನ್ನು ಬಿಟ್ಟು ಕಳ್ಳನಾಗಬೇಕು, ಆಮೇಲೆ ಡ್ರೂಯಿಡ್ (ಕಾಡು, ಪ್ರಕೃತಿಯ ಪೂಜಾರಿ) ಗುರುಗಳ ಕೈಕೆಳಗೆ ಕಲಿತು ಲಾವಣಿಕಾರ ಆಗಬೇಕು. ಒಂದಾದ ಮೇಲೆ ಒಂದು, ಎರಡು ಕಡೆ ಕೊಂಡಿ. ಇವನನ್ನು ‘ಎರಡು ಕೊಂಡಿಯವನು’ ಅನ್ನೋಣವೋ, ‘ಮುಕ್ಕಸುಬಿನವನು’ ಅನ್ನೋಣವೋ? ಮೊದಲನೆಯದು ದಾರಿ ಹೇಳುತ್ತದೆ, ಎರಡನೆಯದು ಎಣಿಕೆ ಹೇಳುತ್ತದೆ. ನನ್ನ ಒಲವು ಮೊದಲನೆಯದರ ಕಡೆ.

ಬನಶಂಕರಿ ಜಾತ್ರೆಯೊಳಗೆ ಈ ಹಾಳೆಗಳನ್ನು ಝೆರಾಕ್ಸ್ ಮಾಡಿಸಿ ಎಲ್ಲರ ಕೈಗೆ ಕೊಡಬೇಕು ಅಂತಿದ್ದೇನೆ. ಅಷ್ಟರೊಳಗೆ ಬಂದ ಉತ್ತರಗಳನ್ನೆಲ್ಲ ಸೇರಿಸುತ್ತೇನೆ. ಯಾವ ಊರಿನ ಮಾತು ಅಂತ ಪದದ ಪಕ್ಕ ಬರೆದು ಕಳಿಸಿ.